ಟ್ರಾಂಬೆಯ ಎರಡು ಲೋಹಗಳು: ಥೋರಿಯಂ ಮತ್ತು ಯುರೇನಿಯಂ, ಒಂದು ಚಾರಿತ್ರಿಕ ತುಲನೆ

ಮುಂಬಯಿಯ ಅಣುಶಕ್ತಿ ಕೇಂದ್ರದ ಇತಿಹಾಸವನ್ನು ಸಾಮಾನ್ಯವಾಗಿ 1956ರ ಆಗಸ್ಟ್ 4ರಿಂದ ಆರಂಭಿಸುವ ರೂಢಿಯಿದೆ. ಅಂದು ಟ್ರಾಂಬೆಯ ಕಡಲಂಚಿನಲ್ಲಿ ‘ಅಪ್ಸರಾ’ ರಿಯಾಕ್ಟರ್ ಚಾಲನೆಗೊಂಡಿತು. ಕಟ್ಟಿದವರು ಇಲ್ಲಿನ ಎಂಜಿನಿಯರುಗಳು. ಇಂಧನ ಮಾತ್ರ ಬ್ರಿಟನ್ನಿನಿಂದ ಬಂದ ಸಮೃದ್ಧ ಯುರೇನಿಯಂ. ಆದರೆ ಅದಕ್ಕೂ ಮೊದಲೇ, 1955ರಲ್ಲಿ, ಅದೇ ಟ್ರಾಂಬೆಯಲ್ಲಿ ಥೋರಿಯಂ ಕಾರ್ಖಾನೆ ಕೆಲಸ ಶುರುಮಾಡಿತ್ತು. ಈ ಕಾರ್ಖಾನೆಗೆ ನಮ್ಮ ಬರಹಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚಿನ ಜಾಗ ಸಿಕ್ಕಿಲ್ಲ. ಟ್ರಾಂಬೆಯ ಕಥೆಯನ್ನು ಅಪ್ಸರೆಯಿಂದಲ್ಲ, ಥೋರಿಯಂ ಕಾರ್ಖಾನೆಯಿಂದ ಓದತೊಡಗಿದರೆ ಭಾರತದ ಅಣುಶಕ್ತಿ ಯೋಜನೆಯ ಸ್ವರೂಪವೇ ಬೇರೆಯಾಗಿ ಕಾಣುತ್ತದೆ ಎಂಬುದು ಈ ಲೇಖನದ ವಾದ. ಯಾವ ಲೋಹ ಗುರಿಯಾಗಿತ್ತು, ಯಾವುದು ಸಾಧನವಾಗಿತ್ತು, ಸಾಧನವೇ ಮುಂದೆ ಬಂದು ಗುರಿ ಹಿಂದೆ ಉಳಿದದ್ದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ರಾಜಕೀಯದಲ್ಲಿ ಮಾತ್ರವಲ್ಲ, ಆ ಎರಡು ಲೋಹಗಳ ಗುಣದಲ್ಲೂ ಇದೆ.

ಥೋರಿಯಂ ಅಣುಶಕ್ತಿಯ ಸಲುವಾಗಿ ಭಾರತಕ್ಕೆ ಪರಿಚಯವಾದ ಲೋಹವಲ್ಲ. ಅದು ಬಂದದ್ದು ದೀಪದ ಮೂಲಕ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಥೋರಿಯಂ ಆಕ್ಸೈಡ್ 99 ಪಾಲು, ಸೀರಿಯಂ ಆಕ್ಸೈಡ್ 1 ಪಾಲು ಸೇರಿದ ಗ್ಯಾಸ್ ಮ್ಯಾಂಟಲ್ ರೂಪಿಸಿದ. ನೂಲಿನ ಬಲೆಯನ್ನು ಥೋರಿಯಂ ನೈಟ್ರೇಟ್ ದ್ರಾವಣದಲ್ಲಿ ಅದ್ದಿ ಒಣಗಿಸಿ ಮೊದಲ ಸಲ ಉರಿಸಿದಾಗ ನೂಲು ಸುಟ್ಟುಹೋಗಿ ಆಕ್ಸೈಡಿನ ಬಲೆಯಷ್ಟೇ ಉಳಿಯುತ್ತದೆ. ಎಷ್ಟು ಕಾಯಿಸಿದರೂ ಅದು ಕರಗದು; ಬೆಳ್ಳಗೆ ಬೆಳಗುತ್ತದೆ. ಬೆರಳು ತಗುಲಿದರೆ ಮಾತ್ರ ಪುಡಿ. ಕರಾವಳಿಯ ಬಯಲಾಟಗಳಿಗೆ ಕರೆಂಟು ಬರುವ ಮುನ್ನ ರಂಗಸ್ಥಳವನ್ನು ಬೆಳಗಿದ ಗ್ಯಾಸ್‌ಲೈಟಿನ ಮ್ಯಾಂಟಲ್ ಇದೇ. ರಾತ್ರಿಯಿಡೀ ಯಕ್ಷಗಾನ ನೋಡಿದ ತಲೆಮಾರು ತನಗೆ ಅರಿವಿಲ್ಲದೆಯೇ ಥೋರಿಯಂ ಬೆಳಕಿನಲ್ಲಿ ಕೂತಿತ್ತು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನ ಕಡಲ ಮರಳಿನಲ್ಲಿ ಥೋರಿಯಂ ಅಡಗಿದ ಮೊನಜೈಟ್ ಖನಿಜ ಇರುವುದನ್ನು ಗುರುತಿಸಿದ ಮೇಲೆ ಆ ಮರಳು ಯೂರೋಪಿಗೆ ಹಡಗೇರತೊಡಗಿದ್ದು ಈ ಮ್ಯಾಂಟಲ್ ಉದ್ಯಮಕ್ಕಾಗಿ. ಭಾರತದ ಮೊನಜೈಟ್‌ನಲ್ಲಿ ಶೇ. 9ರ ಆಸುಪಾಸು ಥೋರಿಯಂ ಆಕ್ಸೈಡ್ ಇರುತ್ತದೆ. ಜೊತೆಗೆ ಶೇ. 0.3ರಷ್ಟು ಯುರೇನಿಯಂ ಆಕ್ಸೈಡ್. ಈ ಎರಡನೆಯ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಣುಶಕ್ತಿಯಿಂದಾಗಿ ಮೊನಜೈಟ್‌ನ ಬೆಲೆಯೇ ಬದಲಾಗಿತ್ತು. ಸ್ವತಂತ್ರ ಭಾರತ ಅಣುಶಕ್ತಿ ಆಯೋಗವನ್ನು 1948ರ ಆಗಸ್ಟಿನಲ್ಲೇ ಸ್ಥಾಪಿಸಿತು. 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಹುಟ್ಟಿ, 1952ರಲ್ಲಿ ಕೇರಳದ ಆಲುವಾದಲ್ಲಿ ಮೊನಜೈಟ್ ಸಂಸ್ಕರಣೆ ಆರಂಭವಾಯಿತು. ಅಲ್ಲಿ ವಿರಳ ಭಸ್ಮ ಧಾತುಗಳನ್ನು ತೆಗೆದ ಮೇಲೆ ಉಳಿಯುವ ಥೋರಿಯಂಭರಿತ ಗಸಿಯನ್ನು ಶುದ್ಧಗೊಳಿಸಲು ಕಟ್ಟಿದ್ದು ಟ್ರಾಂಬೆಯ ಕಾರ್ಖಾನೆ. ಇಲ್ಲಿ ತಯಾರಾದ ಥೋರಿಯಂ ನೈಟ್ರೇಟ್ ಮ್ಯಾಂಟಲ್ ತಯಾರಕರಿಗೂ ಹೋಗುತ್ತಿತ್ತು, ಅಣುಶಕ್ತಿಯ ದಾಸ್ತಾನಿಗೂ ಸೇರುತ್ತಿತ್ತು. ಅದರೊಂದಿಗೆ ಬೇರ್ಪಡುತ್ತಿದ್ದ ಇನ್ನೊಂದು ವಸ್ತು ಯುರೇನಿಯಂ. ಬಿಹಾರದ (ಈಗಿನ ಜಾರ್ಖಂಡ್) ಜಾದೂಗೋಡಾದ ಯುರೇನಿಯಂ ಅದಿರು ಸಂಸ್ಕರಣಾ ಘಟಕ ಕೆಲಸ ಆರಂಭಿಸಿದ್ದು 1968ರಲ್ಲಿ. ಅಂದರೆ ಟ್ರಾಂಬೆಯಲ್ಲಿ ಯುರೇನಿಯಂ ಕೆಲಸ ಬೇರೂರಿದ ವರ್ಷಗಳಲ್ಲಿ ಅದಕ್ಕೆ ಆಸರೆಯಾದದ್ದು ಥೋರಿಯಂ ಮರಳು. ಒಂದರ ಮಡಿಲಲ್ಲಿ ಇನ್ನೊಂದು ಬೆಳೆದ ಈ ಸಂಗತಿಗೆ ನಮ್ಮ ವಿಜ್ಞಾನ ಚರಿತ್ರೆಯಲ್ಲಿ ಸಲ್ಲಬೇಕಾದ ಮಹತ್ವ ಸಂದಿಲ್ಲ.

ಈಗ ಲೋಹಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಯುರೇನಿಯಮ್ಮನ್ನು 1789ರಲ್ಲಿ ಬರ್ಲಿನ್ನಿನ ಕ್ಲಾಪ್ರೋತ್ ಗುರುತಿಸಿದರೆ, ಥೋರಿಯಮ್ಮನ್ನು ಸ್ವೀಡನ್ನಿನ ಬರ್ಜೀಲಿಯಸ್ 1829ರ ಸುಮಾರಿಗೆ ನಾರ್ವೆಯ ಖನಿಜವೊಂದರಿಂದ ಗುರುತಿಸಿದ. ಪರಮಾಣು ಸಂಖ್ಯೆ ಮೊದಲನೆಯದಕ್ಕೆ 92, ಎರಡನೆಯದಕ್ಕೆ 90. ನೋಡಲು ಎರಡೂ ಬೆಳ್ಳಿಬಣ್ಣ, ಗಾಳಿ ತಾಗಿದರೆ ಕಪ್ಪಾಗುತ್ತವೆ, ನುಣ್ಣನೆ ಪುಡಿಯಾದರೆ ತಾವಾಗಿ ಹೊತ್ತಿಕೊಳ್ಳುತ್ತವೆ. ಸಾಮ್ಯ ಇಷ್ಟಕ್ಕೆ ಮುಗಿಯಿತು. ಯುರೇನಿಯಂ ಘನ ಸೆಂಟಿಮೀಟರಿಗೆ 19 ಗ್ರಾಂ ತೂಗುತ್ತದೆ, ಸೀಸಕ್ಕಿಂತ ಎಷ್ಟೋ ಭಾರ. ಥೋರಿಯಂ 11.7 ಗ್ರಾಂ. ಯುರೇನಿಯಂ 1,132 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿದರೆ ಥೋರಿಯಮ್ಮಿಗೆ ಸುಮಾರು 1,750 ಡಿಗ್ರಿ ಬೇಕು. ಆಕ್ಸೈಡುಗಳಲ್ಲೂ ಇದೇ ಕ್ರಮ: ಯುರೇನಿಯಮ್ಮಿನದು ಸುಮಾರು 2,850, ಥೋರಿಯಮ್ಮಿನದು 3,300 ಡಿಗ್ರಿಗೂ ಮಿಗಿಲು. ಮ್ಯಾಂಟಲ್ ಉರಿಯಲ್ಲಿ ಕರಗದೆ ನಿಂತದ್ದರ ಗುಟ್ಟೂ, ರಿಯಾಕ್ಟರಿನೊಳಗೆ ಥೋರಿಯಂ ಆಕ್ಸೈಡ್ ಗಟ್ಟಿಯಾಗಿ ನಿಲ್ಲುವುದರ ಗುಟ್ಟೂ ಈ ಒಂದೇ ಗುಣದಲ್ಲಿದೆ.

ಲೋಹತಂತ್ರಜ್ಞರಿಗೆ ಯುರೇನಿಯಂ ತಲೆನೋವಿನ ಲೋಹ. ಕಾಯಿಸುತ್ತ ಹೋದಂತೆ ಅದರ ಹರಳು ರಚನೆ ಎರಡು ಸಲ ಬದಲಾಗುತ್ತದೆ, ಸುಮಾರು 668 ಡಿಗ್ರಿಯಲ್ಲೊಮ್ಮೆ, 776ರ ಬಳಿ ಇನ್ನೊಮ್ಮೆ. ಸಾಮಾನ್ಯ ಉಷ್ಣತೆಯ ರಚನೆ ಒಂದೊಂದು ದಿಕ್ಕಿಗೆ ಒಂದೊಂದು ಬಗೆಯಲ್ಲಿ ವರ್ತಿಸುವುದರಿಂದ, ನ್ಯೂಟ್ರಾನುಗಳ ಹೊಡೆತಕ್ಕೆ ಸಿಕ್ಕಿದ ಸರಳು ಒಂದು ಕಡೆ ಉದ್ದವಾಗಿ ಇನ್ನೊಂದು ಕಡೆ ಕುಗ್ಗುತ್ತದೆ. ಇದನ್ನು ತಡೆಯಲು ಸರಳನ್ನು ಕಾಯಿಸಿ ತಣಿಸಿ ಒಳಗಿನ ಹರಳುಗಳ ದಿಕ್ಕನ್ನು ಚದುರಿಸಬೇಕು. ಥೋರಿಯಮ್ಮಿನ ರಚನೆ ಸುಮಾರು 1,360 ಡಿಗ್ರಿಯವರೆಗೆ ಒಂದೇ, ಎಲ್ಲ ದಿಕ್ಕಿಗೂ ಸಮ. ಇಷ್ಟು ಸೌಮ್ಯವಾದ ಲೋಹ ಕಾರ್ಖಾನೆಯಲ್ಲಿ ಸುಲಭವಾಗಿ ಗೆಲ್ಲಬೇಕಿತ್ತಲ್ಲವೆ?

ಗೆಲ್ಲಲಿಲ್ಲ, ಏಕೆಂದರೆ ಅಣುಸ್ಥಾವರದ ತೀರ್ಪು ಕುಲುಮೆಯ ತೀರ್ಪಿಗಿಂತ ಬೇರೆ. ನಿಸರ್ಗದ ಯುರೇನಿಯಮ್ಮಿನಲ್ಲಿ ಶೇ. 0.7ರಷ್ಟು ಯುರೇನಿಯಂ-235 ಇದೆ. ನಿಧಾನ ನ್ಯೂಟ್ರಾನ್ ತಗುಲಿದರೆ ಅದು ಒಡೆದು ಶಕ್ತಿಯನ್ನೂ ಇನ್ನಷ್ಟು ನ್ಯೂಟ್ರಾನುಗಳನ್ನೂ ಹೊರಹಾಕುತ್ತದೆ. ಥೋರಿಯಮ್ಮಿನಲ್ಲಿ ಅಂಥ ಪಾಲು ಇಲ್ಲವೇ ಇಲ್ಲ. ಅದರ ಬಹುತೇಕ ಪರಮಾಣುಗಳೆಲ್ಲ ಥೋರಿಯಂ-232. ಅದು ಹಸಿ ಸೌದೆಯಂತೆ: ತಾನಾಗಿ ಹೊತ್ತದು, ಉರಿಯುವ ಒಲೆಯೊಂದರ ಪಕ್ಕ ಇಟ್ಟು ಮೊದಲು ಒಣಗಿಸಬೇಕು. ನ್ಯೂಟ್ರಾನೊಂದನ್ನು ಹೀರಿದ ಥೋರಿಯಂ-232 ಪ್ರೊಟಾಕ್ಟಿನಿಯಂ-233 ಆಗಿ, 27 ದಿನಗಳ ಅರ್ಧಾಯುವಿನ ಆ ಘಟ್ಟವನ್ನು ದಾಟಿ ಯುರೇನಿಯಂ-233 ಆಗುತ್ತದೆ. ಈ ಯುರೇನಿಯಂ-233 ಉತ್ಕೃಷ್ಟ ಇಂಧನ. ಹೀರಿದ ಪ್ರತಿ ನಿಧಾನ ನ್ಯೂಟ್ರಾನಿಗೆ ಅದು ಸರಾಸರಿ 2.3ರಷ್ಟು ನ್ಯೂಟ್ರಾನುಗಳನ್ನು ಮರಳಿಸುತ್ತದೆ. ಯುರೇನಿಯಂ-235 ಮತ್ತು ಪ್ಲುಟೋನಿಯಂ-239 ಮರಳಿಸುವುದು 2.1ರ ಆಸುಪಾಸು. ಈ ಚಿಕ್ಕ ಅಂತರವೂ ಭಾರತದ ಅಣುಶಕ್ತಿ ಯೋಜನೆಯ ರೂವಾರಿ ಹೋಮಿ ಭಾಭಾ ಅವರ ಕನಸಿಗೆ ಆಸರೆಯಾಗಿತ್ತು. 1954ರಲ್ಲಿ ಅವರು ಮುಂದಿಟ್ಟ ಮೂರು ಹಂತದ ಯೋಜನೆಯಲ್ಲಿ ಮೊದಲು ನೈಸರ್ಗಿಕ ಯುರೇನಿಯಮ್ಮಿನ ಸ್ಥಾವರಗಳು, ನಂತರ ಅವುಗಳಿಂದ ದೊರೆತ ಪ್ಲುಟೋನಿಯಂ ಬಳಸಿ, ಸುಡುವುದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ಬ್ರೀಡರ್ ಸ್ಥಾವರಗಳು, ಕೊನೆಗೆ ಥೋರಿಯಂ. ದೇಶದಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಹೇರಳ ಎಂಬ ಲೆಕ್ಕವೇ ಅದಕ್ಕೆ ಬುನಾದಿ. ಅಣು ಖನಿಜ ನಿರ್ದೇಶನಾಲಯದ ಅಂದಾಜೊಂದರಂತೆ ನಮ್ಮ ಮರಳಿನಲ್ಲಿರುವ 1.19 ಕೋಟಿ ಟನ್ ಮೊನಜೈಟ್‌ನಲ್ಲಿ 10.7 ಲಕ್ಷ ಟನ್ ಥೋರಿಯಂ ಆಕ್ಸೈಡ್ ಅಡಗಿದೆ.

ಹೀಗಾಗಿ ಟ್ರಾಂಬೆ ಮೊದಲು ಪಳಗಿಸಬೇಕಾಗಿ ಬಂದದ್ದು ಯುರೇನಿಯಮ್ಮನ್ನು. ಲೋಹವಿಜ್ಞಾನಿ ಬ್ರಹ್ಮಪ್ರಕಾಶ್ ಅವರ ನೇತೃತ್ವದ ವಿಭಾಗ ಬೆಳೆಯುತ್ತಿದ್ದ ಕಾಲ ಅದು. 1959ರ ಜನವರಿ 30ರಂದು ಯುರೇನಿಯಂ ಲೋಹ ಕಾರ್ಖಾನೆಯಿಂದ ಅಣುದರ್ಜೆಯ ಲೋಹ ಹೊರಬಂತು. ಅಣುದರ್ಜೆ ಎಂದರೆ ನ್ಯೂಟ್ರಾನ್ ನುಂಗುವ ಬೋರಾನ್, ಕ್ಯಾಡ್ಮಿಯಂನಂಥ ಕಲ್ಮಶಗಳು ಹತ್ತು ಲಕ್ಷದಲ್ಲಿ ಒಂದು ಪಾಲೂ ಉಳಿಯದಂತೆ ಶುದ್ಧಿ ಮಾಡುವುದು. ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸಾವಯವ ದ್ರಾವಕದಿಂದ ಸೆಳೆದು, ಆಕ್ಸೈಡ್ ಮಾಡಿ, ಅದನ್ನು ಹಸಿರು ಬಣ್ಣದ ಫ್ಲೋರೈಡಾಗಿಸಿ, ಕ್ಯಾಲ್ಸಿಯಮ್ಮಿನಂಥ ಲೋಹದೊಡನೆ ಮುಚ್ಚಿದ ಪಾತ್ರೆಯಲ್ಲಿ ಹೊತ್ತಿಸಿದರೆ ಭಾರದ ಯುರೇನಿಯಂ ತಳಕ್ಕಿಳಿದು ಕಿಟ್ಟ ಮೇಲೆ ತೇಲುತ್ತದೆ. ಕೆನಡಾದ ನೆರವಿನಿಂದ ಕಟ್ಟಿದ 40 ಮೆಗಾವ್ಯಾಟ್‌ನ ಸೈರಸ್ ರಿಯಾಕ್ಟರ್ 1960ರ ಜುಲೈ 10ರಂದು ಚಾಲನೆಗೊಂಡಾಗ ಅದರ ಇಂಧನದ ಒಂದು ಭಾಗ ಹೀಗೆ ಟ್ರಾಂಬೆಯಲ್ಲೇ ತಯಾರಾದದ್ದು. ಸ್ವಾತಂತ್ರ್ಯ ಬಂದು ಹದಿಮೂರು ವರ್ಷವಾಗಿರದ ದೇಶಕ್ಕೆ ಇದು ಅಪ್ಸರೆಗಿಂತಲೂ ದೊಡ್ಡ ಗೆಲುವು ಎಂದು ನಾನು ತಿಳಿಯುತ್ತೇನೆ. ರಿಯಾಕ್ಟರನ್ನು ಕಟ್ಟಿ ಇಂಧನಕ್ಕೆ ಕೈಚಾಚುವುದು ಒಂದು; ಇಂಧನವನ್ನೇ ಮಾಡಿಕೊಳ್ಳುವುದು ಇನ್ನೊಂದು.

ಸೈರಸ್ ಎರಡು ಲೋಹಗಳ ದಾರಿ ಕವಲೊಡೆದ ಸ್ಥಳವೂ ಹೌದು. ಅದರ ಯುರೇನಿಯಂ ಸರಳುಗಳಿಂದ ಪ್ಲುಟೋನಿಯಂ ಬಂತು. ಟ್ರಾಂಬೆಯ ಪ್ಲುಟೋನಿಯಂ ಘಟಕವನ್ನು 1965ರ ಜನವರಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಉದ್ಘಾಟಿಸಿದರು. ಆ ಪ್ಲುಟೋನಿಯಂ 1974ರ ಮೇ 18ರ ಪೋಖ್ರಾನ್ ಅಣು ಪರೀಕ್ಷೆಯವರೆಗೆ ಹೋಯಿತು. ಆಗ ಟ್ರಾಂಬೆ ಕೇಂದ್ರದ ನಿರ್ದೇಶಕರಾಗಿದ್ದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1957ರಲ್ಲಿ ಟ್ರಾಂಬೆಯ ತರಬೇತಿ ಶಾಲೆ ಕಟ್ಟಿದವರೂ ಅವರೇ. ಅದೇ ಸೈರಸ್‌ನ ಹೊರವಲಯದಲ್ಲಿ ಥೋರಿಯಂ ಆಕ್ಸೈಡ್ ಸರಳುಗಳನ್ನಿಟ್ಟು ನ್ಯೂಟ್ರಾನ್ ಕುಡಿಸುವ ಕೆಲಸ ಸದ್ದಿಲ್ಲದೆ ನಡೆದಿತ್ತು. 1970ರ ಸೆಪ್ಟೆಂಬರಿನಲ್ಲಿ ಅವುಗಳಿಂದ ಯುರೇನಿಯಂ-233 ಬೇರ್ಪಡಿಸಲಾಯಿತು. ಪೋಖ್ರಾನ್ ಎಲ್ಲರಿಗೂ ಗೊತ್ತು, ಈ ಸೆಪ್ಟೆಂಬರ್ ಯಾರಿಗೂ ಗೊತ್ತಿಲ್ಲ.

ಆ ಬೇರ್ಪಡಿಕೆ ಕಷ್ಟದ ಕೆಲಸವಾದದ್ದಕ್ಕೂ ಥೋರಿಯಮ್ಮಿನ ಗುಣವೇ ಕಾರಣ. ಶಾಖಕ್ಕೆ ಜಗ್ಗದ ಅದರ ಆಕ್ಸೈಡ್ ನೈಟ್ರಿಕ್ ಆಮ್ಲಕ್ಕೂ ಜಗ್ಗುವುದಿಲ್ಲ. ಸ್ವಲ್ಪ ಹೈಡ್ರೋಫ್ಲೋರಿಕ್ ಆಮ್ಲ ಬೆರೆಸಬೇಕು. ಅದು ಉಕ್ಕಿನ ಪಾತ್ರೆಯನ್ನೇ ತಿನ್ನುತ್ತದೆ. ಅದಕ್ಕೆ ಅಲ್ಯುಮಿನಿಯಂ ನೈಟ್ರೇಟ್ ಸೇರಿಸಿ ತಡೆಯೊಡ್ಡಬೇಕು. ಇದಕ್ಕಿಂತ ದೊಡ್ಡ ತೊಡಕು ಯುರೇನಿಯಂ-233ರ ಜೊತೆ ಅನಿವಾರ್ಯವಾಗಿ ಹುಟ್ಟುವ ಯುರೇನಿಯಂ-232. ಅದರ ಸಂತಾನದ ಸಾಲಿನಲ್ಲಿ ಬರುವ ಥ್ಯಾಲಿಯಂ-208 ಬಲು ತೀಕ್ಷ್ಣ ಗಾಮಾ ಕಿರಣ ಹೊರಸೂಸುತ್ತದೆ. ಹೊಸ ಯುರೇನಿಯಂ ಇಂಧನವನ್ನು ಕೈಗವಸು ತೊಟ್ಟು ಮುಟ್ಟಬಹುದು. ಇದನ್ನು ದಪ್ಪ ಗೋಡೆಯ ಆಚೆ ನಿಂತು ಯಂತ್ರದ ಕೈಗಳಿಂದಲೇ ನಿಭಾಯಿಸಬೇಕು. ಥೋರಿಯಂ ಹಿಂದೆ ಬಿದ್ದದ್ದಕ್ಕೆ ಬರಿಯ ಸರಕಾರದ ಉದಾಸೀನ ಕಾರಣವೆಂದು ಬರೆಯುವವರು ಈ ರಸಾಯನಶಾಸ್ತ್ರವನ್ನು ಓದಿದರೆ ಒಳ್ಳೆಯದು.

ಆದರೂ ಕೆಲಸ ನಿಲ್ಲಲಿಲ್ಲ. ಯುರೇನಿಯಂ-233ರ ದ್ರಾವಣವನ್ನೇ ಇಂಧನವಾಗಿಸಿದ ಪೂರ್ಣಿಮಾ-2 ರಿಯಾಕ್ಟರ್ ಟ್ರಾಂಬೆಯಲ್ಲಿ 1984ರ ಮೇ ತಿಂಗಳಲ್ಲಿ, ಪೂರ್ಣಿಮಾ-3 1990ರಲ್ಲಿ ಚಾಲನೆ ಪಡೆದವು. ಅವುಗಳ ಅನುಭವದ ಮೇಲೆ ಕಲ್ಪಾಕ್ಕಮ್‌ನ 30 ಕಿಲೋವ್ಯಾಟ್‌ನ ಕಾಮಿನಿ ರಿಯಾಕ್ಟರ್ 1996ರಲ್ಲಿ ಶುರುವಾಯಿತು. ನಮ್ಮ ಕೈಗಾದ ಸ್ಥಾವರಗಳಲ್ಲೂ ಆರಂಭದ ದಿನಗಳಲ್ಲಿ ಕೆಲವು ಥೋರಿಯಂ ಆಕ್ಸೈಡ್ ಕಟ್ಟುಗಳನ್ನು ಯುರೇನಿಯಂ ಕಟ್ಟುಗಳ ನಡುವೆ ಇಡಲಾಗಿತ್ತು, ಶಾಖ ಒಂದೇ ಕಡೆ ಏರದೆ ಸಮವಾಗಿ ಹರಡಲೆಂದು. ಕೈಗಾ ವಿರುದ್ಧ ಶಿವರಾಮ ಕಾರಂತರು 1989ರಲ್ಲಿ ಚುನಾವಣೆಗೇ ನಿಂತದ್ದನ್ನು ಬಲ್ಲ ನಮಗೆ, ಆ ಸ್ಥಾವರದ ಒಡಲಲ್ಲಿ ಕಡಲ ಮರಳಿನ ಲೋಹವೂ ಇತ್ತೆಂಬುದು ತಿಳಿದಿರಬೇಕು. ಕಾರಂತರ ಆಕ್ಷೇಪಗಳನ್ನಾಗಲಿ ವಿಜ್ಞಾನಿಗಳ ಉತ್ತರಗಳನ್ನಾಗಲಿ ತೂಗಿನೋಡಲು ಇಂಥ ವಿವರಗಳೇ ಆಧಾರ.

ಉಳಿದ ಉಪಯೋಗಗಳನ್ನು ಚುಟುಕಾಗಿ ಹೇಳಬಹುದು. ಯುರೇನಿಯಂ ಒಂದು ಕಾಲದಲ್ಲಿ ಗಾಜಿಗೆ ಹಳದಿ ಹಸಿರು ಬಣ್ಣ ಕೊಡುತ್ತಿತ್ತು. ಇಂಧನದ ಪಾಲನ್ನು ತೆಗೆದ ಲೋಹ ಅದರ ಭಾರದಿಂದಾಗಿ ವಿಕಿರಣ ತಡೆಯುವ ಕವಚಕ್ಕೆ ಬರುತ್ತದೆ. ಥೋರಿಯಂ ವೆಲ್ಡಿಂಗ್ ಎಲೆಕ್ಟ್ರೋಡಿನ ಟಂಗ್‌ಸ್ಟನ್ನಿನಲ್ಲಿ ಶೇ. 2ರಷ್ಟು ಬೆರೆತಿರುತ್ತಿತ್ತು. ಥೋರಿಯಂ ಆಕ್ಸೈಡನ್ನು ಎಕ್ಸ್‌ರೇ ಚಿತ್ರಕ್ಕಾಗಿ ರೋಗಿಗಳ ರಕ್ತಕ್ಕೆ ಚುಚ್ಚಿದ ಥೋರೋಟ್ರಾಸ್ಟ್ ಎಂಬ ಔಷಧ ದಶಕಗಳ ಮೇಲೆ ಯಕೃತ್ತಿನ ಕ್ಯಾನ್ಸರ್ ತಂದದ್ದು ವೈದ್ಯಕೀಯ ಚರಿತ್ರೆಯ ಕರಾಳ ಪುಟ. ಥೋರಿಯಂ ನಿರಪಾಯಕಾರಿ ಎಂದು ಸಾರುವ ಇಂದಿನ ಉತ್ಸಾಹಿಗಳು ಅದನ್ನು ಮರೆಯಬಾರದು.

ಕೊನೆಯದಾಗಿ, ಈ ಲೋಹಗಳೊಡನೆ ದುಡಿದ ಜನರ ಮಾತು. ಮುಂಬಯಿ ಕನ್ನಡಿಗರ ಚರಿತ್ರೆ ಎಂದಾಗ ಹೋಟೆಲು, ಗಿರಣಿ, ರಾತ್ರಿಶಾಲೆ, ಯಕ್ಷಗಾನ ಮೇಳ ಇವುಗಳ ಮೇಲೆ ಸಾಕಷ್ಟು ಕೆಲಸವಾಗಿದೆ. ಪ್ರಯೋಗಶಾಲೆ ಮತ್ತು ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿದವರ ಪುಟ ಖಾಲಿಯಿದೆ. ಚೆಂಬೂರು, ಮಾನ್‌ಖುರ್ದ್, ಅಣುಶಕ್ತಿನಗರಗಳಲ್ಲಿ ಬಾಳಿದ ಹಿರಿಯರಲ್ಲಿ ಟ್ರಾಂಬೆಯ ಆರಂಭದ ದಶಕಗಳನ್ನು ಕಂಡವರು ಈಗ ವಿರಳವಾಗುತ್ತಿದ್ದಾರೆ. ಗೋಪ್ಯವಲ್ಲದ ನೆನಪುಗಳನ್ನು, ಪಾಳಿಯ ಕೆಲಸ ಹೇಗಿತ್ತು, ಆಮ್ಲದ ವಾಸನೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಿತ್ತು, ಎದೆಗೆ ಸಿಕ್ಕಿಸಿಕೊಂಡ ಫಿಲ್ಮ್ ಬ್ಯಾಡ್ಜಿನ ಲೆಕ್ಕವನ್ನು ಯಾರು ಇಡುತ್ತಿದ್ದರು ಎಂಬುದನ್ನು ಅವರು ಕನ್ನಡದಲ್ಲಿ ಬರೆದಿಡಬೇಕು ಅಥವಾ ಮನೆಯ ಕಿರಿಯರು ಕೇಳಿ ದಾಖಲಿಸಬೇಕು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಂಥ ಸಂಗ್ರಹವೊಂದನ್ನು ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.