ಪಾಲು ಉಂಟು, ವಿಭಾಗವಿಲ್ಲ

ಬೆಂಗಳೂರಿನ ದಂಡು ಪ್ರದೇಶದ ಬೆನ್ಸನ್ ಟೌನಿನಲ್ಲಿ ಈಗ ಎರಡು ಬಗೆಯ ಮನೆಗಳನ್ನು ಕಾಣಬಹುದು. ಸುತ್ತಲೂ ತೋಟ ಬಿಟ್ಟು ಕಟ್ಟಿದ ಹಳೆಯ ಬಂಗಲೆ ಒಂದು. ಅಂಥ ಬಂಗಲೆಯನ್ನು ಕೆಡವಿದ ನಿವೇಶನದಲ್ಲಿ ಎದ್ದ ಹಲವು ಅಂತಸ್ತಿನ ಕಟ್ಟಡ ಇನ್ನೊಂದು. ಬಂಗಲೆಯ ನೆಲ ಯಾರದೆಂದು ಕೇಳಬೇಕಾಗಿಲ್ಲ. ಆದರೆ ಮೂರನೆಯ ಅಂತಸ್ತಿನಲ್ಲಿ ಮನೆ ಕೊಂಡವರಿಗೆ ಕೆಳಗಿನ ನೆಲದಲ್ಲಿ ಹಕ್ಕುಂಟೆ? ಇದನ್ನು ತಿಳಿಯಲು ಓದುಗರು ತುಸು ಹಿಂದಕ್ಕೆ ನೋಡಬೇಕು.

ಬೆಂಗಳೂರಿನ ಹಳೆಯ ಪೇಟೆಯ ಸಾಲುಮನೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಒಬ್ಬರ ತೊಲೆಯನ್ನು ಹೊತ್ತ ಗೋಡೆ ಪಕ್ಕದವರಿಗೂ ಆಸರೆ. ವಠಾರದಲ್ಲಿ ಬಾವಿ, ಅಂಗಳಗಳೂ ಹಲವರ ಬಳಕೆಯವು. 1898ರಲ್ಲಿ ಪ್ಲೇಗು ಬಂದಾಗ ಈ ಒತ್ತೊತ್ತಿನ ವಾಸವೇ ಅಪಾಯವೆನಿಸಿತು. ನಗರದ ಕಡೆ ಬಸವನಗುಡಿ, ಮಲ್ಲೇಶ್ವರಗಳೂ, ಬ್ರಿಟಿಷರ ಆಡಳಿತದಲ್ಲಿದ್ದ ದಂಡಿನ ಕಡೆ ಫ್ರೇಜರ್ ಟೌನ್ ಮೊದಲಾದ ಬಡಾವಣೆಗಳೂ ಬೆಳೆದವು. ಗಾಳಿ ಬೆಳಕಿಗಾಗಿ ಮನೆಯ ಸುತ್ತ ಜಾಗ ಬಿಡುವುದು ಅಲ್ಲಿನ ಕ್ರಮವಾಯಿತು. ನೆರೆಯವರ ನಡುವೆ ಉಳಿದದ್ದು ಕಾಂಪೌಂಡು ಮಾತ್ರ.

1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ನಗರ, ದಂಡುಗಳೆರಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದವು. ಊರು ಬೆಳೆದು ನೆಲದ ಬೆಲೆ ಏರಿದಂತೆ, ಒಂದು ಸಂಸಾರದ ನಿವೇಶನದಲ್ಲಿ ಹತ್ತು ಸಂಸಾರಗಳು ನೆಲೆಸಿದವು. ದೂರ ಸರಿದಿದ್ದ ಸಮಾನ ಗೋಡೆ ಹೀಗೆ ಮರಳಿ ಬಂದಿತು; ಸಾಲಾಗಿ ಅಲ್ಲ, ಒಂದರ ಮೇಲೊಂದಾಗಿ.

ಇದಕ್ಕಾಗಿ ಹೊರಟದ್ದು 1972ರ ಕರ್ನಾಟಕದ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ. ಮನೆ ಅವರವರದು, ನೆಲ, ಅಡಿಪಾಯ, ಮುಖ್ಯ ಗೋಡೆ, ಮಾಡು, ಮೆಟ್ಟಿಲುಗಳಲ್ಲಿ ಎಲ್ಲರಿಗೂ ಅವಿಭಕ್ತ ಪಾಲು ಎಂದು ಅದು ವಿಧಿಸಿತು.

‘ಅವಿಭಕ್ತ’ ನಮಗೆ ಹೊಸ ಮಾತಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಕುಟುಂಬದ ಆಸ್ತಿಯನ್ನು ವಿವೇಚಿಸಿದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕೆಂಬುದು ಅವನ ಮತ. ಆದರೆ ಒಂದು ಭೇದವುಂಟು. ಅಣ್ಣತಮ್ಮಂದಿರು ಬೇಸತ್ತರೆ ಪಾಲು ಕೇಳಿ ಬೇರೆಯಾಗಬಹುದು. ಕಾಯಿದೆಗೆ ಒಳಪಟ್ಟ ಕಟ್ಟಡದಲ್ಲಿ ನೆರೆಯವರಿಗೆ ಆ ದಾರಿಯಿಲ್ಲ. ಮೆಟ್ಟಿಲನ್ನು ಹತ್ತು ಭಾಗ ಮಾಡಿದರೆ ಹತ್ತುವವರು ಯಾರು? ಪಾಲು ಮನೆಯೊಡನೆ ಬರುತ್ತದೆ, ಮನೆಯೊಡನೆ ಹೋಗುತ್ತದೆ.

ಆದರೆ ಒಡೆಯರು ಘೋಷಣಾ ಪತ್ರವನ್ನು ಬರೆದು ನೋಂದಾಯಿಸಿದ ಕಟ್ಟಡಕ್ಕೆ ಮಾತ್ರ ಆ ಕಾಯಿದೆಯ ರಕ್ಷಣೆ. ಗೋಡೆ ಮುಪ್ಪಾಗಿ ಕಟ್ಟಡ ಬೀಳುವ ದಿನ ಬಂದಾಗ ಮಕ್ಕಳಿಗೆ ಉಳಿಯುವುದು ನೆಲದ ಆ ಪಾಲೇ. ಆದುದರಿಂದ ಮನೆಯ ಅಂದವನ್ನು ನೋಡುವ ಮುನ್ನ, ಪತ್ರದಲ್ಲಿ ತಮ್ಮ ಪಾಲು ಎಷ್ಟೆಂದು ಓದಿಕೊಳ್ಳುವುದು ಕೊಳ್ಳುವವರಿಗೆ ಕ್ಷೇಮ.