ಇಲಿ ಬಿದ್ದರೆ ಊರು ಬಿಡ್ತಿದ್ದ ಕಾಲ

ಮಾಯಸಂದ್ರದಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ನಮ್ಮ ಹೆಣ್ಮಕ್ಕಳಿಗೆ ಈಗ ಒಂದೇ ದೂರು, ಹೊಗೆ, ಧೂಳು, ಬಿಡದ ಕೆಮ್ಮು. ಆ ಊರಿಗೆ ಇದು ಹೊಸದಲ್ಲ ಕಣ್ರವ್ವ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಬೆಳಕಿಲ್ಲದ ಕೋಣೆಗಳು, ಅಲ್ಲೇ ದವಸದ ಮೂಟೆ, ಅಲ್ಲೇ ಇಲಿ. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟ ಮನುಷ್ಯರನ್ನ ಕಚ್ಚಿ ರೋಗ ಅಂಟಿಸುತ್ತೆ ಅನ್ನೋದು ಆಗಿನ ಜನಕ್ಕೆ ಗೊತ್ತಿರಲಿಲ್ಲ. ಆದ್ರೂ ಇಲಿ ಬಿತ್ತು ಅಂದ್ರೆ ಊರು ಬಿಟ್ಟು ಬಯಲಲ್ಲಿ ಗುಡ್ಲು ಹಾಕ್ಕೊಳ್ಳೋರು. ನಮ್ ಕಡೆ ಹಳ್ಳಿಗಳಲ್ಲೂ ಹಂಗೇ. ಪ್ಲೇಗಮ್ಮನಿಗೆ ಹರಕೇನೂ ಹೊತ್ತರು.

ಬೆಂಗಳೂರಲ್ಲಿ ಕೈಲಾದವರು ಮಲ್ಲೇಶ್ವರ, ಬಸವನಗುಡಿ ಅನ್ನೋ ಹೊಸ ಬಡಾವಣೆಗಳಿಗೆ ಹೋದರು. ಅಗಲ ಬೀದಿ, ಮನೆ ಸುತ್ತ ಜಾಗ, ಹಿಂದುಗಡೆ ಕಸ ಸಾಗಿಸೋ ಓಣಿ. ಕೈಲಾಗದವರು ಪೇಟೇಲೇ ಉಳಿದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಶುರುವಾಯ್ತು.

ಈಗಿನ ಮಾರಿ ಗಾಡಿ ಹೊಗೆ. ಇದಕ್ಕೆ ಹೆದರಿ ಊರು ಬಿಡೋಕಾಗಲ್ಲ, ಹೊಟ್ಟೆಪಾಡು ಅಲ್ಲೇ. ಅದಕ್ಕೇ ಬಾಡಿಗೆ ಮನೆ ನೋಡುವಾಗ ಟೈಲ್ಸಿಗಿಂತ ಮೊದಲು ಕಿಟಕಿ ನೋಡಿ. ದೊಡ್ಡ ರಸ್ತೆಯಿಂದ ಎರಡು ಬೀದಿ ಒಳಗಿರಲಿ, ಗಾಳಿ ಆಚೆ ಈಚೆ ಆಡಲಿ. ಒಣ ಕಸ ಗುಡಿಸಿ ಧೂಳೆಬ್ಬಿಸೋ ಬದಲು ಒದ್ದೆ ಬಟ್ಟೇಲಿ ಒರೆಸಿ. ನಡೆಯೋದಿದ್ರೆ ಗಾಡಿ ಏಳೋಕೆ ಮುಂಚೆ ನಡೆದು ಬನ್ನಿ.