ಹೇವಿಳಂಬಿಯ ಲೆಕ್ಕ: ಬೇಲೂರಿನ ಕಲ್ಲಿನಿಂದ ಟರ್ಮಿನಲ್‌ವರೆಗೆ

ಬೇಲೂರಿನ ಚೆನ್ನಕೇಶವ ದೇವಾಲಯದ ಶಾಸನ ಪ್ರತಿಷ್ಠೆಯ ದಿನವನ್ನು ಒಂದೇ ಅಳತೆಯಲ್ಲಿ ಹೇಳಿ ಮುಗಿಸುವುದಿಲ್ಲ. ಶಕವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ವಡ್ಡವಾರ ಎಂದು ನಾಲ್ಕು ಕಡೆಯಿಂದ ಕಟ್ಟಿ ನಿಲ್ಲಿಸುತ್ತದೆ. ವಡ್ಡವಾರವೆಂದರೆ ಶನಿವಾರ. ನಮ್ಮ ಕ್ಯಾಲೆಂಡರಿನಲ್ಲಿ ಅದು 1117ರ ಮಾರ್ಚ್ 10.

ಇಷ್ಟೊಂದು ವಿವರ ಏಕೆ? ಕಲ್ಲಿನಲ್ಲಿ ಕೊರೆದದ್ದನ್ನು ತಿದ್ದುವುದು ಸುಲಭವಲ್ಲ. ಒಂದು ಅಂಕಿ ಸವೆದರೆ ಉಳಿದವು ಅದನ್ನು ಹೇಳಬೇಕು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ ನೋಡಿ: 1051ರಲ್ಲಿ ಶೇಷ 31. ಪ್ರಭವದಿಂದ ಎಣಿಸಿದರೆ ಮೂವತ್ತೊಂದನೆಯದು ಹೇವಿಳಂಬಿಯೇ. ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ ಬರೆದವನು ತಪ್ಪಿದನೋ, ಶಾಸನವೇ ಕೂಟವೋ ಎಂದು ವಿದ್ವಾಂಸರು ಅನುಮಾನಿಸುವುದು ಇದರಿಂದಲೇ. 2017ರ ಯುಗಾದಿಗೆ ಮತ್ತೆ ಹೇವಿಳಂಬಿ ಬಂತು. ನಡುವೆ ಸರಿಯಾಗಿ ಹದಿನೈದು ಸುತ್ತು, 900 ವರ್ಷ.

ಹಳೇಬೀಡು, ಅರಸೀಕೆರೆಗಳ ಕಲ್ಲುಗಳದೂ ಇದೇ ಪರಿಪಾಠ. ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟದಲ್ಲಿ ಸೇರಿಸಿ 1902ರಲ್ಲಿ ಪ್ರಕಟಿಸಿದಾಗ, ಹೊಯ್ಸಳರ ಕಾಲಾನುಕ್ರಮಕ್ಕೆ ಆಧಾರವಾದದ್ದು ಈ ಸಾಲುಗಳೇ.

ಆದರೆ ಈ ಲೆಕ್ಕ ಯಾರ ಕಾಲದ್ದು? ದೇವರ ಪ್ರತಿಷ್ಠೆಯ ದಿನ, ಭೂಮಿ ಬಿಟ್ಟ ದಿನ, ವೀರರು ಮಡಿದ ದಿನ ಕಲ್ಲಿಗೆ ಏರಿದವು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೊರೆದಿದ್ದಾರೆ. ಊರಿದೆ, ತಂದೆಯ ಹೆಸರಿದೆ, ಬಿರುದಿದೆ. ಒಂದು ಮದನಿಕೆಗೆ ಎಷ್ಟು ದಿನ ಉಳಿ ಹಿಡಿದರೆಂಬುದು ಆ ಸಹಿಗಳಲ್ಲಿಲ್ಲ. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ 24 ನಿಮಿಷ. ತಳದಲ್ಲಿ ತೂತಿರುವ ಬಟ್ಟಲು ನೀರಿನಲ್ಲಿ ಮುಳುಗುವಷ್ಟು ಹೊತ್ತು. ಅಳೆಯುವ ಸಾಧನ ಇತ್ತು, ದುಡಿದವರ ಗಳಿಗೆ ಕಲ್ಲಿಗೆ ಏರಲಿಲ್ಲ.

ಆ ಗಳಿಗೆಯನ್ನು ಬರೆದಿಡುವ ಕೆಲಸ ಇಂದು ಕಂಪ್ಯೂಟರಿನದು. ಉಬುಂಟು ಇರುವ ಯಂತ್ರದ ಟರ್ಮಿನಲ್ಲಿನಲ್ಲಿ ‘ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಟೈಮ್‌ವಾರಿಯರ್’ ಎಂಬ ಒಂದು ಸಾಲು ಸಾಕು, ಸಮಯದ ಲೆಕ್ಕ ಇಡುವ ತಂತ್ರಾಂಶ ಬಂದು ಕೂರುತ್ತದೆ. ‘ಟೈಮ್‌ಡಬ್ಲ್ಯೂ ಸ್ಟಾರ್ಟ್’ ಎಂದರೆ ಎಣಿಕೆ ಶುರು, ‘ಸ್ಟಾಪ್’ ಎಂದರೆ ನಿಂತಿತು. ನಮಗೆ ಶಕೆ 78ರಿಂದ ಆರಂಭವಾದರೆ, ಯೂನಿಕ್ಸ್ ವಂಶದ ಯಂತ್ರಗಳ ಶಕೆ 1970ರ ಜನವರಿ 1ರಿಂದ. ಅಲ್ಲಿಂದ ಅವು ಸೆಕೆಂಡುಗಳನ್ನು ಎಣಿಸುತ್ತಿವೆ.

ಬೇಡವಾದರೆ ‘ಇನ್‌ಸ್ಟಾಲ್’ ಇದ್ದಲ್ಲಿ ‘ರಿಮೂವ್’ ಎಂದು ಬರೆದರಾಯಿತು. ತಂತ್ರಾಂಶ ಹೋಗುತ್ತದೆ, ಆದರೆ ಅದು ಬರೆದಿಟ್ಟ ದಿನಗಳು ಹೋಗುವುದಿಲ್ಲ. ತಿಂಗಳಿಗೊಂದರಂತೆ ಸಾದಾ ಪಠ್ಯದ ಕಡತಗಳು ಬಳಕೆದಾರನ ಫೋಲ್ಡರಿನಲ್ಲೇ ಉಳಿದಿರುತ್ತವೆ. ಅವನ್ನು ಅಳಿಸಬೇಕಾದರೆ ಬೇರೆಯಾಗಿಯೇ ಅಳಿಸಬೇಕು.

ಶಾಸನ ಹಾಕಿಸಿದವರಿಗೂ ಅಳಿಸುವವರ ಭಯವಿತ್ತು. ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸಂವತ್ಸರದ ಸುತ್ತಿನಲ್ಲಿ ಲೆಕ್ಕ ಹಾಕಿದರೆ ಸಾವಿರ ಸುತ್ತು! 1311ರಲ್ಲಿ ಮಲಿಕ್ ಕಾಫರನ ಸೇನೆ ದೋರಸಮುದ್ರಕ್ಕೆ ಬಂತು. ಮುಂದೆ ಆ ರಾಜಧಾನಿ ಹಳೆಯ ಬೀಡಾಯಿತು. ದತ್ತಿ ಕೊಟ್ಟ ಅರಸೊತ್ತಿಗೆ ಹೋಯಿತು, ಅದರ ತಾರೀಖುಗಳು ಉಳಿದವು.

ಉಳಿಯುವುದು ಮಾತ್ರ ಎಲ್ಲ ಕಾಲಕ್ಕೂ ಒಳ್ಳೆಯದೆನ್ನಲಾಗದು. ಕಲ್ಲಿನ ಲೆಕ್ಕ ಊರಿನ ಕಣ್ಣೆದುರು ನಿಂತಿತ್ತು, ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ಅದರಲ್ಲೇ ಇತ್ತು. ಇಂದು ದುಡಿಯುವವನ ನಿಮಿಷ ನಿಮಿಷವೂ ದಾಖಲಾಗುವಾಗ ಅದನ್ನು ಓದುವವರು ಯಾರೆಂಬುದು ಅವನಿಗೆ ತಿಳಿದಿರಬೇಕು. ದಾಸೋಜನ ಗಳಿಗೆಗಳು ದಾಖಲಾಗದೇ ಹೋದದ್ದು ನಮಗೆ ನಷ್ಟ. ನಮ್ಮ ಗಳಿಗೆಗಳನ್ನು ನಾವೇ ಬರೆದು, ನಾವೇ ಓದಿ, ಬೇಡವಾದಾಗ ನಾವೇ ಅಳಿಸಲು ಬರುವುದು ಅವನಿಗೆ ಇರದಿದ್ದ ಸ್ವಾತಂತ್ರ್ಯ.